ವಂಶವಾಹಿಗಳ ಬೀಗ-ಕೀಲಿ ಹುಡುಕಿದ ಜಾಕ್ ಮೊನೋ

ಪುತ್ತೂರು, ಸುಳ್ಯ, ಕಡಬ ಭಾಗದ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ನಡೆಯುವ ಕೊನೆಯ ಕೆಲಸಗಳಲ್ಲಿ ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುವುದೂ ಒಂದು. ಬೆಳಗಾಗುವಷ್ಟರಲ್ಲಿ ಹಾಲು ಮೊಸರಾಗಿರುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಒಡೆದು ಆಮ್ಲವಾಗಿಸುವುದೇ ಇದಕ್ಕೆ ಕಾರಣ ಎಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ತನ್ನ ಮುಂದಿರುವುದು ಯಾವ ಸಕ್ಕರೆ, ಅದನ್ನು ಒಡೆಯಲು ಯಾವ ಕಿಣ್ವ ಬೇಕು, ಅದನ್ನು ಯಾವಾಗ ತಯಾರಿಸಬೇಕು ಎಂಬುದು ಕಣ್ಣು, ಕಿವಿ, ಮಿದುಳು ಯಾವುದೂ ಇಲ್ಲದ ಒಂದು ಜೀವಕೋಶಕ್ಕೆ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ತನ್ನ ಬದುಕಿನ ಮೂರು ದಶಕಗಳನ್ನು ಸವೆಸಿದ ವಿಜ್ಞಾನಿ ಫ್ರಾನ್ಸಿನ ಜಾಕ್ ಮೊನೋ. ಅವರು ಆರಿಸಿಕೊಂಡದ್ದು ಮೊಸರಿನ ಬ್ಯಾಕ್ಟೀರಿಯವನ್ನಲ್ಲ, ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು. ಅದರಿಂದ ದೊರೆತ ಉತ್ತರ ಇಡೀ ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿತು. ಆ ಉತ್ತರದ ಒಂದು ಅರ್ಧವನ್ನು ಕಂಡುಕೊಂಡ ಮೊನೋ, ಇನ್ನೊಂದು ಅರ್ಧವನ್ನು ಒಪ್ಪಿಕೊಳ್ಳಲು ಬಹುಕಾಲ ಹಿಂದೇಟು ಹಾಕುವ ವಲಯದಲ್ಲೇ ಇದ್ದರು ಎಂಬುದು ಅವರ ಜೀವನದ ವಿಶೇಷ.

ಕಲಾವಿದನ ಮಗ

ಜಾಕ್ ಮೊನೋ ಜನಿಸಿದ್ದು 1910ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ. ತಂದೆ ಲೂಸಿಯನ್ ಮೊನೋ ಚಿತ್ರಕಲಾವಿದರು. ತಾಯಿ ಅಮೆರಿಕದ ಮಿಲ್ವಾಕಿ ನಗರದವರು. ಮೊನೋ ಏಳು ವರ್ಷದ ಬಾಲಕನಾಗಿದ್ದಾಗ ಕುಟುಂಬವು ಮೆಡಿಟರೇನಿಯನ್ ಕಡಲ ತೀರದ ಕಾನ್ ಪಟ್ಟಣದಲ್ಲಿ ನೆಲೆಸಿತು. ಬಾಲ್ಯದಲ್ಲಿ ತಗಲಿದ ಪೋಲಿಯೊ ಒಂದು ಕಾಲನ್ನು ದುರ್ಬಲಗೊಳಿಸಿತಾದರೂ ಅವರು ಬಂಡೆ ಏರುವ ಹವ್ಯಾಸವನ್ನು ಬೆಳೆಸಿಕೊಂಡು ದೀರ್ಘಕಾಲ ಮುಂದುವರಿಸಿದರು. ಮನೆಯಲ್ಲಿ ಸಂಗೀತದ ವಾತಾವರಣವಿತ್ತು. ಚೆಲ್ಲೋ ವಾದ್ಯವನ್ನು ಕಲಿತ ಅವರು ಮುಂದೆ ಗಾಯನ ವೃಂದಗಳನ್ನು ನಿರ್ದೇಶಿಸುವಷ್ಟು ಪರಿಣತರಾದರು. ಸಂಗೀತವೋ ವಿಜ್ಞಾನವೋ ಎಂಬ ದ್ವಂದ್ವ ಯೌವನದುದ್ದಕ್ಕೂ ಅವರನ್ನು ಕಾಡಿತ್ತು.

1928ರಲ್ಲಿ ಜೀವವಿಜ್ಞಾನದ ವ್ಯಾಸಂಗಕ್ಕಾಗಿ ಪ್ಯಾರಿಸ್‌ಗೆ ಮರಳಿದ ಮೊನೋ ಅವರಿಗೆ ತರಗತಿಯ ಪಾಠಕ್ಕಿಂತ ಹೆಚ್ಚಿನದನ್ನು ಕಲಿಸಿದ್ದು ಬ್ರಿಟನಿ ಪ್ರಾಂತ್ಯದ ರೊಸ್ಕಾಫ್ ಕಡಲ ಸಂಶೋಧನ ಕೇಂದ್ರ. ಸೂಕ್ಷ್ಮಜೀವಿಗಳ ತಜ್ಞ ಆಂದ್ರೆ ಲ್ವೋಫ್, ತಳಿವಿಜ್ಞಾನಿ ಬೋರಿಸ್ ಎಫ್ರುಸ್ಸಿ ಮುಂತಾದವರ ಒಡನಾಟ ಅಲ್ಲಿಂದ ಬೆಳೆಯಿತು. 1934ರಲ್ಲಿ ಅವರು ಸಂಶೋಧನಾ ನೌಕೆಯೊಂದರಲ್ಲಿ ಗ್ರೀನ್‌ಲ್ಯಾಂಡ್‌ಗೆ ಹೋಗಿಬಂದರು. 1936ರಲ್ಲಿ ಅದೇ ನೌಕೆಯಲ್ಲಿ ಮತ್ತೆ ತೆರಳುವ ಅವಕಾಶವಿತ್ತು. ಆದರೆ ಎಫ್ರುಸ್ಸಿಯವರ ಒತ್ತಾಯಕ್ಕೆ ಮಣಿದು ತಳಿವಿಜ್ಞಾನ ಕಲಿಯಲು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನೌಕೆಯು ಐಸ್‌ಲ್ಯಾಂಡ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದವರ ಪೈಕಿ ಬದುಕುಳಿದದ್ದು ಒಬ್ಬರು ಮಾತ್ರ.

1938ರಲ್ಲಿ ಅವರು ಒಡೆಟ್ ಬ್ರೂಲ್ ಅವರನ್ನು ವಿವಾಹವಾದರು. ಒಡೆಟ್ ಏಷ್ಯಾದ ಕಲೆಗೆ ಮೀಸಲಾದ ಪ್ಯಾರಿಸ್‌ನ ಗಿಮೆ ವಸ್ತುಸಂಗ್ರಹಾಲಯದ ವಿದುಷಿ. ಭಾರತದ ದೇವಾಲಯಗಳ ಛಾಯಾಚಿತ್ರಗಳ ಗ್ರಂಥವೊಂದನ್ನು ಟಿಪ್ಪಣಿಗಳೊಂದಿಗೆ ಸಂಪಾದಿಸಿದ್ದವರು. ಈ ದಂಪತಿಗೆ 1939ರಲ್ಲಿ ಅವಳಿ ಗಂಡುಮಕ್ಕಳು ಜನಿಸಿದರು.

ಎರಡು ಸಕ್ಕರೆ, ನಡುವೆ ಒಂದು ವಿರಾಮ

ಎರಡನೇ ಮಹಾಯುದ್ಧ ಯುರೋಪನ್ನು ಆವರಿಸಿದ್ದ ಕಾಲದಲ್ಲಿ ಮೊನೋ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಗಳ ಬೆಳವಣಿಗೆಯ ಬಗ್ಗೆ ಡಾಕ್ಟರೇಟ್ ಅಧ್ಯಯನ ನಡೆಸುತ್ತಿದ್ದರು. ಪ್ರಯೋಗ ಬಹಳ ಸರಳ. ಸಕ್ಕರೆ ಬೆರೆತ ದ್ರಾವಣದಲ್ಲಿ ಬ್ಯಾಕ್ಟೀರಿಯಗಳನ್ನು ಬಿಟ್ಟು, ದ್ರಾವಣ ಎಷ್ಟು ಮಬ್ಬಾಗುತ್ತದೆ ಎಂಬುದನ್ನು ಆಗಾಗ ಅಳೆಯುವುದು. ಒಂದೇ ಸಕ್ಕರೆಯಿದ್ದಾಗ ಬೆಳವಣಿಗೆಯ ರೇಖೆ ನಯವಾಗಿ ಮೇಲೇರುತ್ತಿತ್ತು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಕೊಟ್ಟಾಗ ಮಾತ್ರ ರೇಖೆ ಮೇಲೇರಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಏರುತ್ತಿತ್ತು. ಬ್ಯಾಕ್ಟೀರಿಯ ಮೊದಲು ಗ್ಲೂಕೋಸನ್ನು ಪೂರ್ತಿ ಮುಗಿಸಿ, ಬಳಿಕ ವಿರಮಿಸಿ, ಆಮೇಲಷ್ಟೇ ಲ್ಯಾಕ್ಟೋಸಿಗೆ ಬಾಯಿ ಹಾಕುತ್ತಿತ್ತು.

ಈ ವಿರಾಮದಲ್ಲಿ ಏನು ನಡೆಯುತ್ತದೆ? ಮೊನೋ ತಮ್ಮ ರೇಖೆಯನ್ನು ಲ್ವೋಫ್ ಅವರಿಗೆ ತೋರಿಸಿದಾಗ, ಹೊಸ ಆಹಾರಕ್ಕೆ ತಕ್ಕ ಹೊಸ ಕಿಣ್ವವನ್ನು ಜೀವಕೋಶ ತಯಾರಿಸಿಕೊಳ್ಳುತ್ತಿರಬಹುದೆಂಬ ಸುಳಿವು ದೊರೆಯಿತು. 1941ರಲ್ಲಿ ಡಾಕ್ಟರೇಟ್ ಲಭಿಸಿತು. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕುವ ಮೊದಲು ಮೊನೋ ಬೇರೊಂದು ಕರ್ತವ್ಯಕ್ಕೆ ಓಗೊಡಬೇಕಾಯಿತು.

ಪ್ರಯೋಗಾಲಯದಿಂದ ಭೂಗತ ಹೋರಾಟಕ್ಕೆ

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸನ್ನು ವಶಪಡಿಸಿಕೊಂಡಿತ್ತು. ಒಡೆಟ್ ಯಹೂದಿ ಮನೆತನದವರಾದ ಕಾರಣ ಕುಟುಂಬದ ಮೇಲೆ ತೂಗುಗತ್ತಿ ನೇತಾಡುತ್ತಿತ್ತು. ಪತ್ನಿ, ಮಕ್ಕಳನ್ನು ನಗರದಿಂದ ಹೊರಗೆ ಸುಳ್ಳು ಹೆಸರಿನಲ್ಲಿ ಇರಿಸಿ ಮೊನೋ ಭೂಗತ ಪ್ರತಿರೋಧ ಸಂಘಟನೆಗೆ ಸೇರಿದರು. ಹಗಲಿನಲ್ಲಿ ಬ್ಯಾಕ್ಟೀರಿಯ, ರಾತ್ರಿ ಗುಪ್ತ ಸಭೆ. ರಹಸ್ಯ ಕಾಗದಗಳನ್ನು ಅವರು ಸೊರ್ಬಾನ್‌ನ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಜಿರಾಫೆಯ ಅಸ್ಥಿಪಂಜರದ ಕಾಲಿನ ಟೊಳ್ಳು ಮೂಳೆಯೊಳಗೆ ಬಚ್ಚಿಡುತ್ತಿದ್ದರೆಂಬ ಸಂಗತಿ ವಿಜ್ಞಾನ ವಲಯದಲ್ಲಿ ಜನಜನಿತವಾಗಿದೆ.

ಬಂಧನದ ಭೀತಿ ಹೆಚ್ಚಿದಾಗ ಸೊರ್ಬಾನ್ ತೊರೆದು, ಪ್ಯಾಸ್ಟರ್ ಸಂಸ್ಥೆಯಲ್ಲಿ ಲ್ವೋಫ್ ಅವರ ಪ್ರಯೋಗಾಲಯದಲ್ಲಿ ಗುಟ್ಟಾಗಿ ಕೆಲಸ ಮುಂದುವರಿಸಿದರು. ಮುಂದೆ ಮಾಲಿವೆರ್ ಎಂಬ ಗುಪ್ತನಾಮದಲ್ಲಿ ಫ್ರಾನ್ಸಿನ ಆಂತರಿಕ ಪಡೆಗಳ ಕಾರ್ಯಾಚರಣೆಯ ಹೊಣೆ ಹೊತ್ತರು. ಪ್ಯಾರಾಚೂಟ್ ಮೂಲಕ ಶಸ್ತ್ರಾಸ್ತ್ರ ಇಳಿಸುವುದು, ರೈಲು ಮಾರ್ಗಗಳನ್ನು ಸ್ಫೋಟಿಸುವುದು, ಶತ್ರುವಿನ ಅಂಚೆಯನ್ನು ಹಿಡಿಯುವುದು ಇವೆಲ್ಲಕ್ಕೂ ಅವರ ಯೋಜನೆಯಿತ್ತು. 1944ರ ಆಗಸ್ಟ್‌ನಲ್ಲಿ ಪ್ಯಾರಿಸ್ ವಿಮೋಚನೆಗೊಂಡಿತು. ಆ ಬಳಿಕ ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಅಮೆರಿಕ ಸೇನೆಯ ಸಂಚಾರಿ ಗ್ರಂಥಾಲಯದಲ್ಲಿ ದೊರೆತ ವಿಜ್ಞಾನ ಪತ್ರಿಕೆಗಳು ಅವರ ಕಣ್ತೆರೆಸಿದವು. ಬ್ಯಾಕ್ಟೀರಿಯಗಳಲ್ಲೂ ವಂಶವಾಹಿಗಳಿವೆ, ಅವು ಡಿಎನ್‌ಎಯಿಂದ ರಚಿತವಾಗಿವೆ ಎಂಬ ಹೊಸ ಸಂಶೋಧನೆಗಳನ್ನು ಅವರು ಓದಿದ್ದು ಅಲ್ಲಿ.

ಪ್ರತಿರೋಧ ಚಳವಳಿಯ ಕಾಲದಲ್ಲಿ ಸೇರಿದ್ದ ಕಮ್ಯುನಿಸ್ಟ್ ಪಕ್ಷವನ್ನು ಯುದ್ಧಾನಂತರ ತೊರೆದರು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೋ ಎಂಬಾತ ವಂಶವಾಹಿ ಸಿದ್ಧಾಂತವನ್ನೇ ಅಲ್ಲಗಳೆದು, ಸರಕಾರದ ಬೆಂಬಲದಿಂದ ತಳಿವಿಜ್ಞಾನಿಗಳ ಬಾಯಿ ಮುಚ್ಚಿಸಿದಾಗ 1948ರ ಸೆಪ್ಟೆಂಬರ್‌ನಲ್ಲಿ ಕೊಂಬಾ ಎಂಬ ದಿನಪತ್ರಿಕೆಯಲ್ಲಿ ಮೊನೋ ಅದನ್ನು ಕಟುವಾಗಿ ಖಂಡಿಸಿದರು. ಸಾಹಿತಿ ಆಲ್ಬರ್ಟ್ ಕಮೂ ಅವರ ಗಾಢ ಸ್ನೇಹ ಬೆಳೆದದ್ದೂ ಆ ಕಾಲದಲ್ಲೇ.

ಅಟ್ಟದ ಮೇಲಿನ ಪ್ರಯೋಗಾಲಯ

1945ರಲ್ಲಿ ಮೊನೋ ಪ್ಯಾಸ್ಟರ್ ಸಂಸ್ಥೆಯಲ್ಲಿ ಲ್ವೋಫ್ ಬಳಗವನ್ನು ಅಧಿಕೃತವಾಗಿ ಸೇರಿಕೊಂಡರು. ಕಟ್ಟಡದ ಅಟ್ಟದಲ್ಲಿದ್ದ ಆ ಇಕ್ಕಟ್ಟಿನ ಪ್ರಯೋಗಾಲಯಕ್ಕೆ ಅಮೆರಿಕದಿಂದಲೂ ವಿಜ್ಞಾನಿಗಳು ಬಂದುಹೋಗುತ್ತಿದ್ದರು. ಲ್ಯಾಕ್ಟೋಸನ್ನು ಒಡೆಯುವ ಬೀಟಾ ಗ್ಯಾಲಕ್ಟೊಸಿಡೇಸ್ ಕಿಣ್ವವೇ ಅವರ ಅಧ್ಯಯನದ ಕೇಂದ್ರ. ಲ್ಯಾಕ್ಟೋಸ್ ಇಲ್ಲದಾಗ ಜೀವಕೋಶದಲ್ಲಿ ಈ ಕಿಣ್ವ ಬೆರಳೆಣಿಕೆಯಷ್ಟು. ಲ್ಯಾಕ್ಟೋಸ್ ದೊರೆತೊಡನೆ ಅದರ ಪ್ರಮಾಣ ಸುಮಾರು ಸಾವಿರ ಪಟ್ಟು ಏರುತ್ತದೆ. ಇದು ಹಳೆಯ ಪ್ರೋಟೀನಿನ ರೂಪಾಂತರವಲ್ಲ, ಹೊಸದಾಗಿಯೇ ತಯಾರಾದದ್ದು ಎಂಬುದನ್ನು 1950ರ ದಶಕದಲ್ಲಿ ಮೊನೋ ಮತ್ತು ಸಹೋದ್ಯೋಗಿಗಳು ಸಾಬೀತುಪಡಿಸಿದರು.

ಲ್ಯಾಕ್ಟೋಸ್ ಸ್ವತಃ ಕಿಣ್ವದ ತಯಾರಿಕೆಗೆ ಚಾಲನೆ ಕೊಡುತ್ತದೆ ಎಂದೇ ಮೊನೋ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಬುಡಮೇಲು ಮಾಡಿದ್ದು ಆರ್ಥರ್ ಪಾರ್ಡಿ ಮತ್ತು ಫ್ರಾಂಸ್ವಾ ಜಾಕೋಬ್ ಜತೆಗೂಡಿ 1957-58ರಲ್ಲಿ ನಡೆಸಿದ ಪ್ರಯೋಗ. ಜಾಕೋಬ್ ಕೂಡ ಯುದ್ಧದ ಗಾಯಾಳು. 1944ರಲ್ಲಿ ನಾರ್ಮಂಡಿಯಲ್ಲಿ ತೀವ್ರವಾಗಿ ಗಾಯಗೊಂಡು ಶಸ್ತ್ರಚಿಕಿತ್ಸಕನಾಗುವ ಕನಸನ್ನು ಕೈಬಿಟ್ಟು ಸಂಶೋಧನೆಗೆ ಬಂದವರು.

ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ವಂಶವಾಹಿಗಳು ವರ್ಗಾವಣೆಯಾಗುವುದುಂಟು. ಕಿಣ್ವದ ವಂಶವಾಹಿ ಕೆಟ್ಟಿರುವ ಬ್ಯಾಕ್ಟೀರಿಯದೊಳಗೆ ಸರಿಯಾದ ವಂಶವಾಹಿಯನ್ನು ಈ ರೀತಿ ಸಾಗಿಸಲಾಯಿತು. ಲ್ಯಾಕ್ಟೋಸ್ ಇಲ್ಲದಿದ್ದರೂ ಕಿಣ್ವದ ತಯಾರಿಕೆ ತಕ್ಷಣ ಆರಂಭವಾಯಿತು! ಒಂದೆರಡು ಗಂಟೆಗಳ ಬಳಿಕ ತಾನಾಗಿ ನಿಂತಿತು. ವಂಶವಾಹಿ ಸಹಜವಾಗಿ ತೆರೆದೇ ಇರುತ್ತದೆ, ಅದನ್ನು ಮುಚ್ಚುವ ಒಂದು ವಸ್ತು ನಿಧಾನವಾಗಿ ಸಂಗ್ರಹವಾಗುತ್ತದೆ ಎಂಬುದು ಇದರ ಅರ್ಥ. ಅಂದರೆ ಲ್ಯಾಕ್ಟೋಸ್ ಬಾಗಿಲನ್ನು ತಳ್ಳುವುದಿಲ್ಲ, ಬಾಗಿಲಿಗೆ ಹಾಕಿದ ಬೀಗವನ್ನು ತೆಗೆಯುತ್ತದೆ. ಈ ಬೀಗಕ್ಕೆ ನಿರೋಧಕ ಎಂಬ ಹೆಸರು ಬಂತು. ಸ್ವಂತ ಸಿದ್ಧಾಂತವನ್ನು ಕೈಬಿಡಲು ಮೊನೋ ಅವರಿಗೆ ಸುಲಭವಾಗಲಿಲ್ಲ. ಆದರೂ ಪ್ರಯೋಗದ ಫಲಿತಾಂಶಕ್ಕೆ ತಲೆಬಾಗಿದರು.

1958ರ ಬೇಸಿಗೆಯಲ್ಲಿ ಪತ್ನಿಯೊಂದಿಗೆ ಸಿನಿಮಾ ನೋಡುತ್ತಿದ್ದಾಗ ಜಾಕೋಬ್ ಅವರಿಗೆ ಮಿಂಚಿನಂತೆ ಒಂದು ಆಲೋಚನೆ ಹೊಳೆಯಿತು. ಬ್ಯಾಕ್ಟೀರಿಯದೊಳಗೆ ವೈರಸ್ ನಿದ್ರಿಸುವುದಕ್ಕೂ ಲ್ಯಾಕ್ಟೋಸ್ ವಂಶವಾಹಿ ಮುಚ್ಚಿರುವುದಕ್ಕೂ ಒಂದೇ ಬಗೆಯ ವ್ಯವಸ್ಥೆ ಕಾರಣ, ನಿರೋಧಕ ನೇರವಾಗಿ ಡಿಎನ್‌ಎ ಮೇಲೆಯೇ ಕೂರುತ್ತದೆ ಎಂಬುದೇ ಆ ಆಲೋಚನೆ. ಮೊನೋ ಮೊದಲು ಒಪ್ಪಲಿಲ್ಲ. ಕಪ್ಪುಹಲಗೆಯ ಮುಂದೆ ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಅದರ ಫಲವಾಗಿ 1961ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧ ಒಪೆರಾನ್ ಎಂಬ ಪರಿಕಲ್ಪನೆಯನ್ನು ಜಗತ್ತಿನ ಮುಂದಿಟ್ಟಿತು. ಒಂದು ಕೆಲಸಕ್ಕೆ ಬೇಕಾದ ವಂಶವಾಹಿಗಳು ಸಾಲಾಗಿ ನಿಂತು ಒಂದೇ ಸ್ವಿಚ್ಚಿಗೆ ಒಳಪಟ್ಟಿರುತ್ತವೆ. ಅವುಗಳ ಮಾಹಿತಿ ಅಲ್ಪಾಯುಷಿಯಾದ ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಈ ನಕಲು ಕಾರ್ಯವೇ ಪ್ರತಿಲೇಖನ.

ಕಾಕತಾಳೀಯವೆಂಬಂತೆ ಇದೇ ಅವಧಿಯಲ್ಲಿ, ಅಂದರೆ 1959ರಿಂದ 1964ರ ನಡುವೆ, ಪುತ್ತೂರಿನಲ್ಲಿ ನೆಲೆಸಿದ್ದ ಡಾ. ಶಿವರಾಮ ಕಾರಂತರು ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗಿತ್ತರು. ಪ್ಯಾರಿಸ್‌ನ ಅಟ್ಟದಲ್ಲಿ ಹೊಸ ವಿಜ್ಞಾನ ಹುಟ್ಟುತ್ತಿದ್ದ ಹೊತ್ತಿಗೆ ಅದನ್ನು ಅರಿಯಬಲ್ಲ ಓದುಗರನ್ನು ಬಾಲವನದ ಲೇಖನಿ ಸಿದ್ಧಗೊಳಿಸುತ್ತಿತ್ತು.

1965ರಲ್ಲಿ ಮೊನೋ, ಜಾಕೋಬ್, ಲ್ವೋಫ್ ಮೂವರಿಗೂ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಮರುವರ್ಷ ಹಾರ್ವರ್ಡ್‌ನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮುಲ್ಲರ್ ಹಿಲ್ ನಿರೋಧಕವನ್ನು ಬೇರ್ಪಡಿಸಿ, ಅದೊಂದು ಪ್ರೋಟೀನು ಎಂದು ತೋರಿಸಿದರು.

ಉಳಿದ ಅರ್ಧ ಉತ್ತರ

ಬೀಗದ ಕತೆ ಎಲ್ಲರ ಮನ ಗೆದ್ದಿತು. ಎಷ್ಟರ ಮಟ್ಟಿಗೆಂದರೆ ವಂಶವಾಹಿಗಳ ನಿಯಂತ್ರಣವೆಲ್ಲ ಬೀಗ ಹಾಕುವ, ತೆಗೆಯುವ ವ್ಯವಹಾರವೇ ಎಂಬ ಅಭಿಪ್ರಾಯ ಬಲವಾಯಿತು. ಅರಾಬಿನೋಸ್ ಎಂಬ ಇನ್ನೊಂದು ಸಕ್ಕರೆಯ ವಂಶವಾಹಿಗಳನ್ನು ಅಭ್ಯಸಿಸಿದ ಅಮೆರಿಕದ ಎಲ್ಲಿಸ್ ಎಂಗಲ್ಸ್‌ಬರ್ಗ್, ಅಲ್ಲಿ ಪ್ರೋಟೀನೊಂದು ವಂಶವಾಹಿಯನ್ನು ಮುಚ್ಚುವ ಬದಲು ತೆರೆಯಲು ನೆರವಾಗುತ್ತದೆ ಎಂದು 1965ರಲ್ಲಿ ವಾದಿಸಿದಾಗ ಆ ವಲಯದಲ್ಲಿ ದೊರೆತದ್ದು ಸಂಶಯದ ಪ್ರತಿಕ್ರಿಯೆ. ವರ್ಷಗಳ ಬಳಿಕವಷ್ಟೇ ಅವರ ವಾದಕ್ಕೆ ಮನ್ನಣೆ ಬಂತು.

ಮೊನೋ ಅವರ ಮೂಲ ಪ್ರಶ್ನೆ ಮಾತ್ರ ಬೀಗದಿಂದ ಪೂರ್ತಿ ಬಗೆಹರಿದಿರಲಿಲ್ಲ. ಲ್ಯಾಕ್ಟೋಸ್ ಪಕ್ಕದಲ್ಲೇ ಇದ್ದರೂ ಗ್ಲೂಕೋಸ್ ಇರುವ ತನಕ ಬ್ಯಾಕ್ಟೀರಿಯ ಅದರ ಗೊಡವೆಗೆ ಹೋಗದಿರಲು ಕಾರಣವೇನು? 1965ರಲ್ಲಿ ಮಾಕ್‌ಮನ್ ಮತ್ತು ಸದರ್‌ಲ್ಯಾಂಡ್, ಇ. ಕೋಲಿಯಲ್ಲಿ ಗ್ಲೂಕೋಸ್ ಸಿಕ್ಕಾಗ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿನ ಪ್ರಮಾಣ ಇಳಿಯುತ್ತದೆ ಎಂಬುದನ್ನು ಕಂಡಿದ್ದರು. 1968ರಲ್ಲಿ ಮೊನೋ ಮತ್ತು ಆಗ್ನೆಸ್ ಉಲ್ಮನ್, ಈ ಅಣುವನ್ನು ಹೊರಗಿನಿಂದ ಸೇರಿಸಿದರೆ ಗ್ಲೂಕೋಸಿನ ಅಡ್ಡಿ ನಿವಾರಣೆಯಾಗುತ್ತದೆ ಎಂದು ತೋರಿಸಿದರು. ಅಮೆರಿಕದಲ್ಲಿ ಪರ್ಲ್‌ಮನ್ ಮತ್ತು ಪಾಸ್ತಾನ್ ಕೂಡ ಇದೇ ನಿರ್ಣಯಕ್ಕೆ ಬಂದರು. ಉಲ್ಮನ್ ಹಂಗೇರಿಯ ವಿಜ್ಞಾನಿ. 1956ರ ಕ್ರಾಂತಿ ವಿಫಲವಾದ ಬಳಿಕ ಉಸಿರುಗಟ್ಟಿದ್ದ ಆ ದೇಶದಿಂದ ಆಕೆಯನ್ನೂ ಆಕೆಯ ಪತಿಯನ್ನೂ 1960ರಲ್ಲಿ ವಾಹನದೊಳಗೆ ಅಡಗಿಸಿ ಗಡಿ ದಾಟಿಸುವ ಸಂಚನ್ನು ರೂಪಿಸಿದವರು ಮೊನೋ ಅವರೇ. ಯುದ್ಧಕಾಲದ ಭೂಗತ ಅನುಭವ ಶಾಂತಿಕಾಲದಲ್ಲಿ ಇಬ್ಬರ ಬದುಕನ್ನು ಉಳಿಸಿತು. ಹಾಗೆ ಪಾರಾಗಿ ಬಂದವರೇ ಅವರ ಹಳೆಯ ಒಗಟನ್ನು ಬಿಡಿಸಲು ಕೈಜೋಡಿಸಿದರು.

1969ರಲ್ಲಿ ಬರ್ಜೆಸ್, ಟ್ರಾವರ್ಸ್, ಡನ್, ಬೌಟ್ಸ್ ಎಂಬ ವಿಜ್ಞಾನಿಗಳು ಸಿಗ್ಮಾ ಎಂಬ ಪ್ರೋಟೀನನ್ನು ವರದಿ ಮಾಡಿದರು. 1970ರಲ್ಲಿ ಝುಬೆ, ಶ್ವಾರ್ಟ್ಸ್, ಬೆಕ್‌ವಿತ್ ಹಾಗೂ ಪ್ರತ್ಯೇಕವಾಗಿ ಪಾಸ್ತಾನ್ ಬಳಗ, ಸೈಕ್ಲಿಕ್ ಎಎಂಪಿಯನ್ನು ಹಿಡಿದು ಕೆಲಸ ಮಾಡುವ ಇನ್ನೊಂದು ಪ್ರೋಟೀನನ್ನು ಗುರುತಿಸಿದವು. ಅದನ್ನು ಇಂದು ಸಿಎಪಿ ಎಂದು ಕರೆಯುತ್ತಾರೆ. ಇದು ಬೀಗವಲ್ಲ, ಕೈ ಹಿಡಿದು ನಡೆಸುವ ಸಹಾಯಕ.

ಆರಂಭ ಹೇಗೆ?

ಡಿಎನ್‌ಎಯನ್ನು ಓದಿ ಆರ್‌ಎನ್‌ಎ ನಕಲು ಬರೆಯುವ ಯಂತ್ರ ಆರ್‌ಎನ್‌ಎ ಪಾಲಿಮರೇಸ್. ಬರೆಯಲು ಅದು ನಿಪುಣ. ಆದರೆ ಲಕ್ಷಾಂತರ ಅಕ್ಷರಗಳ ನಡುವೆ ಎಲ್ಲಿಂದ ಆರಂಭಿಸಬೇಕೆಂಬುದು ಅದೊಂದಕ್ಕೇ ತಿಳಿಯದು. ಸಿಗ್ಮಾ ಪ್ರೋಟೀನು ಅದರೊಂದಿಗೆ ಸೇರಿ ಪ್ರತಿ ವಂಶವಾಹಿಯ ಮುಂಭಾಗದಲ್ಲಿರುವ ಗುರುತುಗಳನ್ನು ಹುಡುಕಿಕೊಡುತ್ತದೆ. ನಕಲು ಆರಂಭವಾಗುವ ಜಾಗದಿಂದ ಸುಮಾರು 10 ಮತ್ತು 35 ಅಕ್ಷರಗಳಷ್ಟು ಹಿಂದೆ ಈ ಗುರುತುಗಳಿರುತ್ತವೆ. ಅಲ್ಲಿ ಡಿಎನ್‌ಎಯ ಎರಡು ಎಳೆಗಳು 12-14 ಜೋಡಿಗಳಷ್ಟು ಉದ್ದಕ್ಕೆ ಬಿಚ್ಚಿಕೊಂಡು ನಕಲು ಆರಂಭವಾಗುತ್ತದೆ. ಇ. ಕೋಲಿಯಲ್ಲಿ ಏಳು ಬಗೆಯ ಸಿಗ್ಮಾಗಳಿವೆ. ಸಾಮಾನ್ಯ ದಿನಗಳಿಗೆ ಒಂದು, ಶಾಖದ ಹೊಡೆತಕ್ಕೆ ಒಂದು, ಹಸಿವಿನ ಕಾಲಕ್ಕೆ ಮತ್ತೊಂದು ಎಂಬಂತೆ ಸಂದರ್ಭಕ್ಕೆ ತಕ್ಕ ವಂಶವಾಹಿಗಳನ್ನು ಇವು ತೆರೆಸುತ್ತವೆ.

ಲ್ಯಾಕ್ಟೋಸ್ ವಂಶವಾಹಿಗಳ ಮುಂದಿನ ಗುರುತು ದುರ್ಬಲವಾದದ್ದು. ಬೀಗ ತೆಗೆದರೂ ಪಾಲಿಮರೇಸ್ ಅಲ್ಲಿ ಭದ್ರವಾಗಿ ನಿಲ್ಲದು. ಗ್ಲೂಕೋಸ್ ಮುಗಿದು ಸೈಕ್ಲಿಕ್ ಎಎಂಪಿ ಹೆಚ್ಚಿದಾಗ ಸಿಎಪಿ ಅದನ್ನು ಹಿಡಿದುಕೊಂಡು ಪಕ್ಕದ ಡಿಎನ್‌ಎ ಮೇಲೆ ಕೂತು, ಅದನ್ನು ಬಾಗಿಸಿ, ಪಾಲಿಮರೇಸಿಗೆ ಆಸರೆ ಕೊಡುತ್ತದೆ. ಆಗ ನಕಲು ಕಾರ್ಯ ಬಿರುಸಾಗುತ್ತದೆ. ಗ್ಲೂಕೋಸ್ ಒಳಬರುವಾಗ ಲ್ಯಾಕ್ಟೋಸಿನ ಪ್ರವೇಶಕ್ಕೇ ತಡೆ ಬೀಳುತ್ತದೆ, ಮೊನೋ ಕಂಡ ವಿರಾಮದಲ್ಲಿ ಇದರ ಪಾತ್ರ ದೊಡ್ಡದು ಎಂಬುದೂ ಮುಂದಿನ ಸಂಶೋಧನೆಗಳಿಂದ ತಿಳಿದುಬಂತು. ಹೀಗೆ 1940ರಲ್ಲಿ ಎಳೆದ ಒಂದು ರೇಖೆಯ ಅರ್ಥ ಬಿಡಿಸಲು ವಿಜ್ಞಾನಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೊನೆಯ ದಿನಗಳು

ನೊಬೆಲ್ ಬಳಿಕವೂ ಮೊನೋ ಸಾರ್ವಜನಿಕ ಜೀವನದಿಂದ ದೂರ ಉಳಿಯಲಿಲ್ಲ. 1968ರ ಮೇ ತಿಂಗಳ ಪ್ಯಾರಿಸ್ ವಿದ್ಯಾರ್ಥಿ ದಂಗೆಯಲ್ಲಿ ಗಾಯಗೊಂಡ ವಿದ್ಯಾರ್ಥಿಗಳ ನೆರವಿಗೆ ಧಾವಿಸಿದರು. 1972ರಲ್ಲಿ ಗರ್ಭಪಾತದ ಆರೋಪ ಹೊತ್ತ ಹೆಣ್ಣುಮಗಳೊಬ್ಬಳ ಬೊಬಿನ್ಯಿ ವಿಚಾರಣೆಯಲ್ಲಿ ರಕ್ಷಣಾ ಪಕ್ಷದ ಪರವಾಗಿ ಸಾಕ್ಷ್ಯ ನುಡಿದರು. 1970ರಲ್ಲಿ ಪ್ರಕಟವಾದ ಅವರ ಆಕಸ್ಮಿಕ ಮತ್ತು ಅನಿವಾರ್ಯತೆ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ, ಜೀವವಿಕಾಸಕ್ಕೆ ಪೂರ್ವನಿಶ್ಚಿತ ಗುರಿಯಿಲ್ಲವೆಂದು ವಾದಿಸಿ ಭಾರೀ ಚರ್ಚೆಗೆ ಕಾರಣವಾಯಿತು. ತತ್ವಜ್ಞಾನಿಗಳು, ಧಾರ್ಮಿಕ ಚಿಂತಕರು, ಮಾರ್ಕ್ಸ್‌ವಾದಿಗಳು ಮೂವರಿಂದಲೂ ಟೀಕೆ ಬಂತು. ಪುಸ್ತಕ ಮಾತ್ರ ಬಿಸಿ ದೋಸೆಯಂತೆ ಖರ್ಚಾಯಿತು.

1971ರಲ್ಲಿ ಹಣಕಾಸಿನ ಮುಗ್ಗಟ್ಟಿನಲ್ಲಿದ್ದ ಪ್ಯಾಸ್ಟರ್ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು ವಹಿಸಿಕೊಂಡರು. ಪ್ರಯೋಗಾಲಯವನ್ನು ಬಿಟ್ಟು ಲೆಕ್ಕಪತ್ರಗಳ ನಡುವೆ ಕೂರುವುದು ಅವರಿಗೆ ಪ್ರಿಯವಾದ ಕೆಲಸವಾಗಿರಲಿಲ್ಲ. ಆದರೆ ಯುದ್ಧಕಾಲದಲ್ಲಿ ತಮಗೆ ಆಶ್ರಯ ನೀಡಿದ ಸಂಸ್ಥೆಯದು. 1972ರಲ್ಲಿ ಒಡೆಟ್ ನಿಧನರಾದರು. ರಕ್ತ ಸಂಬಂಧಿ ಕಾಯಿಲೆಗೆ ತುತ್ತಾದ ಮೊನೋ 1976ರ ಮೇ 31ರಂದು, ಬಾಲ್ಯ ಕಳೆದ ಕಾನ್ ಪಟ್ಟಣದಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ.

ಅವರು ಗತಿಸಿದ ಮರುವರ್ಷವೇ ಅಮೆರಿಕದ ವಿಜ್ಞಾನಿಗಳು ಲ್ಯಾಕ್ಟೋಸ್ ಒಪೆರಾನಿನ ಸ್ವಿಚ್ಚನ್ನು ಬಳಸಿ ಇ. ಕೋಲಿಯಲ್ಲಿ ಮಾನವ ಹಾರ್ಮೋನೊಂದನ್ನು ತಯಾರಿಸಿದರು. 1978ರಲ್ಲಿ ಇನ್ಸುಲಿನ್ ಸರದಿ. 1982ರಲ್ಲಿ ಬ್ಯಾಕ್ಟೀರಿಯದಿಂದ ಪಡೆದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ಗಳಿಸಿತು. ಕ್ಷಯ ರೋಗಿಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ನೀಡುವ ರಿಫಾಂಪಿಸಿನ್ ಔಷಧ ಕೆಲಸ ಮಾಡುವುದೂ ರೋಗಾಣುವಿನ ಆರ್‌ಎನ್‌ಎ ಪಾಲಿಮರೇಸಿಗೆ ಅಡ್ಡಗಾಲು ಹಾಕಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ, ದೀಪಂಕರ್ ಚಟರ್ಜಿ ಮುಂತಾದವರು ಕ್ಷಯದ ರೋಗಾಣು ಹಾಗೂ ಅದರ ಬಂಧು ಬ್ಯಾಕ್ಟೀರಿಯಗಳಲ್ಲಿ ಪ್ರತಿಲೇಖನದ ಕುರಿತು ಮಹತ್ವದ ಸಂಶೋಧನೆ ನಡೆಸಿದ್ದಾರೆ.

ಎರಡು ಸಲ ತನ್ನ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ ಎದುರಾದಾಗ ಮೊನೋ ಮೊದಲು ಜಗಳವಾಡಿದರು, ಬಳಿಕ ಸಾಕ್ಷ್ಯದ ಮಾತನ್ನೇ ಕೇಳಿದರು. ಲೈಸೆಂಕೋ ವಿರುದ್ಧ ಲೇಖನಿ ಎತ್ತಿದಾಗ ಅವರು ಬೇರೆಯವರಿಂದ ಬಯಸಿದ್ದೂ ಇದನ್ನೇ. ರಾತ್ರಿ ಹೆಪ್ಪು ಹಾಕಿದ ಪಾತ್ರೆಯೊಳಗೆ ಇಂದಿಗೂ ಕೋಟ್ಯಂತರ ಜೀವಕೋಶಗಳು ಸದ್ದಿಲ್ಲದೆ ತಮ್ಮ ಬೀಗಗಳನ್ನು ತೆಗೆಯುತ್ತ, ಹಾಕುತ್ತ ಇರುತ್ತವೆ. ಆ ಸದ್ದಿಲ್ಲದ ವ್ಯವಹಾರಕ್ಕೆ ಕಿವಿಗೊಟ್ಟವರ ಸಾಲಿನಲ್ಲಿ ಜಾಕ್ ಮೊನೋ ಅವರ ಹೆಸರು ಮೊದಲಿಗೆ ನಿಲ್ಲುತ್ತದೆ.